ಪದವಿ ಬಂತು, ಒಂದು ಮಾತು ಹೇಳೋದಿದೆ

ಹೋದ ಶನಿವಾರ ಹೆರಿಟೇಜ್ ವಿಶ್ವವಿದ್ಯಾಲಯದಲ್ಲಿ ನನ್ನ ಘಟಿಕೋತ್ಸವ ಆಯಿತು. ಇನ್ನು ನಾನು ಪ್ರಾಥಮಿಕ ಶಾಲೆಯ ಟೀಚರ್. ರಾತ್ರಿ ನಿದ್ದೆಗೆಟ್ಟು ಊರಿನಿಂದ ಲೈವ್ ನೋಡಿದ ಅಕ್ಕ-ಭಾವ, ನೋಟ್ಸ್ ಕೊಟ್ಟ ಗೆಳತಿಯರು, ಫೀಸಿನ ದಾರಿ ತೋರಿಸಿದ ಆಫೀಸಿನವರು, ಸಿಯಾಟಲ್‌ನ ಕನ್ನಡದ ಗೆಳೆಯರು, ನಿಮಗೆಲ್ಲ ತುಂಬು ಮನಸ್ಸಿನ ಥ್ಯಾಂಕ್ಸ್.

ಈ ಕಾಲೇಜಿನ ಬಗ್ಗೆ ಊರಿನವರು ಕೇಳುತ್ತಲೇ ಇರುತ್ತೀರಿ. ವಾಷಿಂಗ್ಟನ್ ರಾಜ್ಯದ ಟಾಪನಿಷ್ ಅನ್ನೋ ಸಣ್ಣ ಊರು, ಯಾಕಮಾ ಆದಿವಾಸಿಗಳ ಮೀಸಲು ನೆಲ. ಸುತ್ತಲೂ ಸೇಬು, ಚೆರ್ರಿ, ಬಿಯರ್‌ಗೆ ಹಾಕುವ ಹಾಪ್ಸ್ ಬಳ್ಳಿಯ ತೋಟ. ತಮ್ಮ ಮಕ್ಕಳಿಗೆ ತಮ್ಮವರೇ ಪಾಠ ಹೇಳಬೇಕು ಅಂತ ಯಾಕಮಾದ ಇಬ್ಬರು ಹೆಂಗಸರು, ವಯಲೆಟ್ ಲಮ್ಲಿ ರಾವ್ ಮತ್ತು ಮಾರ್ಥಾ ಯಾಲಪ್, ಪಟ್ಟು ಹಿಡಿದರು. ಸಿಸ್ಟರ್ ಕ್ಯಾಥ್ಲೀನ್ ರಾಸ್ ಜೊತೆಯಾದರು. 1982ರಲ್ಲಿ ಕಾಲೇಜು ಶುರುವಾಯಿತು. ಈಗ ಓದುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಹಿಸ್ಪಾನಿಕ್, ಅಂದರೆ ಸ್ಪ್ಯಾನಿಷ್ ಮಾತಿನ ಮೂಲದ ಮಕ್ಕಳು, ಹೆಚ್ಚಿನವರ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರು. ಅವರ ಹಿಂದೆ ಇಡೀ ಮನೆ ನಿಂತಿರುತ್ತೆ. ನನಗೆ ಇಲ್ಲಿ ಅಂಥ ಮನೆ ಇರಲಿಲ್ಲ.

ಆ ಜನವರಿಯಲ್ಲಿ ಏನಾಯಿತು ಅಂತ ನಿಮಗೆ ಗೊತ್ತು, ಮತ್ತೆ ಬರೆಯೋಲ್ಲ. ನಮ್ಮ ಯಜಮಾನರನ್ನು ಹೆಲಿಕಾಪ್ಟರ್‌ನಲ್ಲಿ ಸಿಯಾಟಲ್‌ನ ಆಸ್ಪತ್ರೆಗೆ ಒಯ್ದರು. ಹಿಮ ಬಿದ್ದು ಅಲ್ಲಿಗೆ ಹೋಗುವ ದಾರಿಯ ಸ್ನೋಕ್ವಾಲ್ಮಿ ಘಾಟಿ ಬಂದ್. ಮಗುವನ್ನು ಇಟ್ಟುಕೊಂಡು ನಾನು ಮನೆಯಲ್ಲೇ ಉಳಿದೆ. ಕ್ಲಾಸಿನ ಗೆಳತಿಗೆ ಫೋನ್ ಮಾಡಿದೆ. ಅವಳಿಗಿಂತ ಮೊದಲು ಬಾಗಿಲಿಗೆ ಬಂದವರು ಅವಳ ಅಮ್ಮ.

ಚಳಿಗಾಲದಲ್ಲಿ ಅವರು ಸೇಬಿನ ಗಿಡದ ಕೊಂಬೆ ಸವರುವ ಕೆಲಸಕ್ಕೆ ಹೋಗುತ್ತಾರೆ. ಎರಡು ಬೆರಳಿಗೆ ಬಿಳಿ ಟೇಪ್ ಸುತ್ತಿತ್ತು. ಅದೇ ಕೈಯಲ್ಲಿ ಚಕ್ಕೆ ಹಾಕಿ ಕಾಫಿ ಕಾಯಿಸಿದರು. ಮಗುವನ್ನು ಹೆಗಲಿಗೆ ಹಾಕಿಕೊಂಡು ಅಡುಗೆಮನೆಯಲ್ಲೇ ಓಡಾಡಿದರು. ಮಗು ಮಲಗಿದ ಮೇಲೆ ಜಪಮಣಿ ತೆಗೆದರು. ನಾನು ಪಕ್ಕದಲ್ಲಿ ರಾಯರನ್ನು ನೆನೆಯುತ್ತಾ ಕೂತೆ. ಫೋನ್ ರಿಂಗಾದಾಗಲೆಲ್ಲ ನನ್ನ ಮೊಣಕಾಲ ಮೇಲೆ ಕೈ ಇಟ್ಟು, ಮಾತು ಮುಗಿಯುವವರೆಗೂ ತೆಗೆಯಲಿಲ್ಲ. ಬೆಳಿಗ್ಗೆ ಐದಕ್ಕೆ ಅವರ ಕೆಲಸದ ವ್ಯಾನ್ ಬರುತ್ತೆ. ಅವತ್ತು ಅವರು ಹೋಗಲಿಲ್ಲ. ಹೋಗದ ದಿನಕ್ಕೆ ಕೂಲಿ ಇಲ್ಲ. ಘಾಟಿ ತೆರೆದ ಕೂಡಲೇ ಅಳಿಯನನ್ನು ಕರೆಸಿ ನನ್ನನ್ನು ಕಾರು ಹತ್ತಿಸಿದರು, ಮಗುವನ್ನು ತಾವೇ ಇಟ್ಟುಕೊಂಡರು.

ನಿಜ ಹೇಳಲಾ? ಆ ರಾತ್ರಿ ನೆನೆದರೆ ಈಗಲೂ ಹೊಟ್ಟೆ ಹಿಂಡುತ್ತೆ. ಯಜಮಾನರಿಲ್ಲದೆ ಬೆಳಗಾಗಿದ್ದರೆ? ಯಾಕೆ ನಮಗೇ ಅಂತ ದೇವರ ಮೇಲೆ ಕೂಗಾಡಿದ್ದೆ, ಗೆಳತಿಯ ಅಮ್ಮ ತಡೆಯಲಿಲ್ಲ, ಸುಮ್ನೆ ತಲೆ ಸವರಿದರು. ಯಜಮಾನರು ಈಗ ಆರಾಮಾಗಿದ್ದಾರೆ. ಶನಿವಾರ ಮೊದಲ ಸಾಲಿನಲ್ಲಿ ಅಮ್ಮನ ಪಕ್ಕವೇ ಕೂತು ಚಪ್ಪಾಳೆ ತಟ್ಟಿದರು.

ಕಾಲೇಜು ಬಿಡುತ್ತೇನೆ ಅಂತ ನಾನು ಫಾರ್ಮ್ ತಂದಾಗ ಅದನ್ನು ಮಡಚಿ ತಮ್ಮ ಪರ್ಸಿನಲ್ಲಿ ಇಟ್ಟುಕೊಂಡವರೂ ಆ ಅಮ್ಮನೇ. ಆಮೇಲೆ ಪರೀಕ್ಷೆ ಇದ್ದಾಗಲೆಲ್ಲ ಮಗು ಅವರ ಮನೆಯಲ್ಲಿ. ದುಡ್ಡು ಕೊಡಲು ಹೋದರೆ ಬೈದರು.

ಮುಂದಿನ ತಿಂಗಳಿಂದ ಶಾಲೆಗೆ ಹೋಗುತ್ತೇನೆ. ಅಮ್ಮನ ದೊಡ್ಡ ಮೊಮ್ಮಗಳು ಈ ವರ್ಷ ಹೆರಿಟೇಜ್ ಸೇರುತ್ತಿದ್ದಾಳೆ, ಗಣಿತ ಕಂಡರೆ ಭಯ. ಮಂಗಳವಾರ, ಗುರುವಾರ ಸಂಜೆ ಅವಳು ನಮ್ಮ ಮನೆಗೆ ಬರುತ್ತಾಳೆ. ಊಟ, ಪಾಠ ಎರಡೂ ಇಲ್ಲೇ.