ತುಪ್ಪದ ಕೊಳದ ಬತೇರಿಯಿಂದ ನನ್ನನ್ನು ಇಳಿಸಿದವರಿಗೆ

ಕಳೆದ ಭಾನುವಾರ ಚಿತ್ರದುರ್ಗದ ಏಳು ಸುತ್ತಿನ ಕೋಟೆಯಲ್ಲಿ, ಬಂಡೆಯಲ್ಲಿ ಕಡಿದ ಕಚ್ಚುಗಳನ್ನು ಹಿಡಿದು ತುಪ್ಪದ ಕೊಳದ ಬತೇರಿ ಎಂಬ ಕಾವಲು ಬುರುಜಿಗೆ ಹುರುಪಿನಿಂದ ಹತ್ತಿದ ನಾನು, ಇಳಿಯುವಾಗ ಅರ್ಧದಲ್ಲಿಯೇ ಕಾಲು ನಡುಗಿ, ಮೇಲಕ್ಕೂ ಹೋಗಲಾರದೆ ಕೆಳಕ್ಕೂ ಬರಲಾರದೆ ಬಂಡೆಗೆ ಅಂಟಿ ಕುಳಿತುಬಿಟ್ಟೆ. (ಐವತ್ತೆರಡರ ವಯಸ್ಸಿಗೆ ಇದು ಬೇಕಿತ್ತೇ ಎಂದು ಮನೆಯವರು ಈಗಲೂ ಕೇಳುತ್ತಿದ್ದಾರೆ.) ಆಗ ಕೆಳಗಿನಿಂದ ಬರಿಗಾಲಿನಲ್ಲಿ ಹತ್ತಿ ಬಂದ ತಾವು, "ಕೆಳಗೆ ನೋಡಬೇಡಿ ಸರ್, ಬಂಡೆಗೆ ಮುಖ ಮಾಡಿ" ಎಂದಷ್ಟೇ ಹೇಳಿ, ನನ್ನ ಚಪ್ಪಲಿ ಬಿಚ್ಚಿಸಿ ತಮ್ಮ ಹೆಗಲಚೀಲಕ್ಕೆ ಹಾಕಿಕೊಂಡು, ಒಂದೊಂದು ಕಚ್ಚಿಗೂ ನನ್ನ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಕೂರಿಸಿದಿರಿ. ನೆಲ ಮುಟ್ಟಿದಾಗ ನನಗೆ ಮಾತೇ ಹೊರಡಲಿಲ್ಲ. ತಾವೂ ಮಾತಾಡಿಸದೆ ನೀರಿನ ಬಾಟಲಿ ಕೊಟ್ಟು ಸುಮ್ಮನೆ ಪಕ್ಕದಲ್ಲಿ ಕುಳಿತಿರಿ.

ತಾವು ಗ್ರಾಮ ಆಡಳಿತಾಧಿಕಾರಿ ಎಂಬುದು ಆಮೇಲೆ ತಿಳಿಯಿತು. ಚಿಕ್ಕಂದಿನಿಂದ ಜೋಗಿಮಟ್ಟಿಯ ಗುಡ್ಡಗಳನ್ನು ಸುತ್ತಿದ ಕಾಲುಗಳಾದ್ದರಿಂದ, ಬೆಳೆಹಾನಿಯ ಸಮೀಕ್ಷೆಗೆ ಗುಡ್ಡದಾಚೆಯ ಕಟ್ಟಕಡೆಯ ಹೊಲಕ್ಕೂ ನಡೆದೇ ಹೋಗುವುದಾಗಿಯೂ, ಕಚೇರಿಯಲ್ಲಿ ಕುಳಿತು ವರದಿ ಬರೆಯಲು ಮನಸ್ಸು ಒಪ್ಪುವುದಿಲ್ಲವೆಂದೂ ತಾವು ಸಂಕೋಚದಿಂದಲೇ ಹೇಳಿದಿರಿ. ಹಿಮ್ಮಡಿ ಹಿಡಿದ ಆ ಕೈಯನ್ನು ಕಂಡಿದ್ದ ನನಗೆ ಅದನ್ನು ನಂಬಲು ಕಷ್ಟವಾಗಲಿಲ್ಲ.

ಹೆಸರು ಕೇಳುವಷ್ಟರಲ್ಲಿ ತಾವು ಏಕನಾಥೇಶ್ವರಿ ಗುಡಿಯ ಕಡೆಗೆ ಹೊರಟುಹೋಗಿದ್ದಿರಿ. ತಮಗೆ ನನ್ನ ಹೃತ್ಪೂರ್ವಕ ಧನ್ಯವಾದಗಳು. ತಮ್ಮ ನೀರಿನ ಬಾಟಲಿ ನನ್ನಲ್ಲಿಯೇ ಉಳಿದಿದೆ.