ವಾಚು ಬಂತು, ಅದರ ಪೆಟ್ಟಿಗೆ ಎಲ್ಲಿ?

ಗೆ,
ಮುಖ್ಯಸ್ಥರು,
ಗ್ರಾಹಕ ದೂರು ವಿಭಾಗ

ವಿಷಯ: ಸರ್ವಿಸ್‌ಗೆ ಕೊಟ್ಟ ಹಳೆಯ ವಾಚಿನ ಮೂಲ ಪೆಟ್ಟಿಗೆ ಎಸೆದಿರುವ ಮತ್ತು ಗ್ಯಾರಂಟಿ ಪತ್ರಕ್ಕೆ ಲ್ಯಾಮಿನೇಷನ್ ಮಾಡಿರುವ ಬಗ್ಗೆ

ಮಾನ್ಯರೇ,

ವಾಚಿನ ರಿಪೇರಿ ಬಗ್ಗೆ ನನ್ನದೇನೂ ತಕರಾರಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುತ್ತಿದ್ದ ವಾಚು ಈಗ ಐದಾರು ಸೆಕೆಂಡು ಮುಂದೆ ಹೋಗುತ್ತದೆ, ಅಷ್ಟೇ. ಹತ್ತು ದಿನದಿಂದ ಬರೆದಿಡುತ್ತಿದ್ದೇನೆ. ಡಯಲ್ ಮುಟ್ಟಬೇಡಿ, ಕೇಸ್ ಪಾಲಿಶ್ ಮಾಡಬೇಡಿ ಎಂದಿದ್ದೆ. ನಿಮ್ಮ ಕೆಲಸಗಾರರು ಎರಡು ಮಾತೂ ಉಳಿಸಿಕೊಂಡಿದ್ದಾರೆ. ಅವರಿಗೆ ನನ್ನ ಥ್ಯಾಂಕ್ಸ್ ತಿಳಿಸಿ.

ದೂರು ಇರುವುದು ವಾಚು ಅವರ ಮೇಜು ದಾಟಿದ ಮೇಲೆ ನಡೆದದ್ದರ ಬಗ್ಗೆ.

ನಾನು ಕೊಟ್ಟದ್ದು 1967ರಲ್ಲಿ ಮಾರಾಟವಾದ ಒಮೆಗಾ ಕಾನ್‌ಸ್ಟಲೇಷನ್. ಅದರ ಜೊತೆ ಕೆಂಪು ಪೆಟ್ಟಿಗೆ, ಪೆಟ್ಟಿಗೆಗೆ ಹಾಕುವ ರಟ್ಟಿನ ಕವಚ, ಗ್ಯಾರಂಟಿ ಪತ್ರ, ಒಂದು ಪುಟ್ಟ ಕೈಪಿಡಿ, ದಾರ ಕಟ್ಟಿದ ಚೀಟಿ. ಒಟ್ಟು ಐದು ಸಾಮಾನು. ನಿಮ್ಮದೇ ರಸೀದಿಯಲ್ಲಿ ಐದೂ ಬರೆದಿವೆ, ನಿಮ್ಮ ಸಿಬ್ಬಂದಿಯ ಸಹಿಯೂ ಇದೆ. ವಾಪಸ್ ಬಂದದ್ದು ಎರಡೇ. ಕೈಪಿಡಿ ಹೇಗಿತ್ತೋ ಹಾಗೇ ಬಂದಿದೆ. ಗ್ಯಾರಂಟಿ ಪತ್ರ ಗಟ್ಟಿ ಪ್ಲಾಸ್ಟಿಕ್ ಹಾಳೆಯೊಳಗೆ ಸೀಲ್ ಆಗಿದೆ. ಉಳಿದ ಮೂರರ ಬದಲು ಒಂದು ಹೊಸ ಕಪ್ಪು ಪೆಟ್ಟಿಗೆ, ಅದರ ಮೇಲೆ 'ನಮ್ಮ ಕಡೆಯಿಂದ ಉಡುಗೊರೆ' ಎಂಬ ಸ್ಟಿಕರ್.

ಫೋನ್ ಮಾಡಿದೆ. ಪೆಟ್ಟಿಗೆಯ ಒಳಗಿನ ಸ್ಪಂಜು ಪುಡಿಯಾಗಿ ಅಂಟಂಟಾಗಿತ್ತು, ಹಳೇ ಪ್ಯಾಕಿಂಗ್ ಅಂತ ತೆಗೆದುಹಾಕಿದೆವು ಎಂದರು. ಸ್ಪಂಜು ಪುಡಿಯಾಗಿತ್ತು, ನಿಜ. ಆ ಕಾಲದ ಪಾಲಿಯುರಿಥೇನ್ ಸ್ಪಂಜಿನ ಹಣೆಬರಹವೇ ಅದು. ಗಾಳಿಯ ತೇವ ಹೀರಿ ಹೀರಿ ಕೊನೆಗೆ ಬೆಲ್ಲದ ಹಾಗೆ ಕರಗುತ್ತದೆ. ಹಳೇ ಪೆಟ್ಟಿಗೆ ಇಟ್ಟುಕೊಂಡವರಿಗೆಲ್ಲ ಇದು ಗೊತ್ತು. ಅದಕ್ಕೇ ನಾನು ವಾಚನ್ನು ಆ ಪೆಟ್ಟಿಗೆಯಲ್ಲಿ ಒಂದು ದಿನವೂ ಇಟ್ಟಿರಲಿಲ್ಲ. ಪೆಟ್ಟಿಗೆಯನ್ನು ಬೇರೆ ಚೀಲದಲ್ಲಿ ಹಾಕಿ, 'ಎಸೆಯಬೇಡಿ' ಎಂದು ದಪ್ಪ ಅಕ್ಷರದಲ್ಲಿ ಬರೆದು ಕೊಟ್ಟಿದ್ದೆ. ಆ ಚೀಲವೂ ಬಂದಿಲ್ಲ.

'ಪೆಟ್ಟಿಗೆ, ಕಾಗದ ಯಾಕೆ ಕೊಟ್ರಿ? ವಾಚು ಮಾತ್ರ ಕೊಡಬಹುದಿತ್ತಲ್ವಾ?' ಎಂದೂ ಕೇಳಿದರು. ನ್ಯಾಯವಾದ ಪ್ರಶ್ನೆ. ಪೆಟ್ಟಿಗೆಯ ಮುಚ್ಚಳದ ಪಿನ್ ಸಡಿಲವಾಗಿತ್ತು. ನಿಮ್ಮಲ್ಲಿ ಸಣ್ಣ ಪಿನ್ನುಗಳಿಗೆ ಬರವಿಲ್ಲ, ಒಂದು ಹಾಕಿಕೊಡಿ ಎಂದಿದ್ದೆ, ಆಗಲಿ ಎಂದಿದ್ದರು. ಆಸೆಗೆ ಬಿದ್ದೆ, ಒಪ್ಪುತ್ತೇನೆ. ಕಾಗದ ಕೊಟ್ಟದ್ದಕ್ಕೆ ಮಾತ್ರ ಬಲವಾದ ಕಾರಣ ಇತ್ತು. 1960ರ ದಶಕದ ಈ ಒಮೆಗಾಗಳಲ್ಲಿ ಸೀರಿಯಲ್ ನಂಬರ್ ಕೆತ್ತಿರುವುದು ಒಳಗಿನ ಯಂತ್ರದ ಮೇಲೆ. ಅದೇ ಕಾಲದ ರೋಲೆಕ್ಸ್ ಆಗಿದ್ದರೆ ಬೆಲ್ಟ್ ಬಿಚ್ಚಿದರೆ ಸಾಕು, ಬೆಲ್ಟ್ ಸಿಕ್ಕಿಸುವ ಜಾಗದಲ್ಲಿ ಕೇಸಿನ ಮೇಲೆಯೇ ಸಿಗುತ್ತದೆ. ಇದಕ್ಕೆ ಹಿಂಬದಿ ತೆರೆಯಲೇಬೇಕು. ಮನೆಯಲ್ಲಿ ಚಾಕು ಹಿಡಿದು ಆ ಸಾಹಸ ಮಾಡುವವನು ನಾನಲ್ಲ. ಹೇಗೂ ನೀವು ತೆರೆಯುತ್ತೀರಿ, ಕಾಗದದ ನಂಬರಿಗೂ ಯಂತ್ರದ ನಂಬರಿಗೂ ತಾಳೆ ನೋಡಿ ಹೇಳಿ ಎಂದು ಕೇಳಿದ್ದೆ.

ನೋಡಿದ್ದಾರೆ. 'ಎಂಟೂ ಅಂಕಿ ಸರಿ ಇವೆ' ಎಂದು ಜಾಬ್ ಶೀಟಿನಲ್ಲಿ ಬರೆದಿದ್ದಾರೆ. ಆ ಸಾಲು ಓದಿ ಎಷ್ಟು ಖುಷಿಯಾಯಿತು ಗೊತ್ತೇ? ಆರು ವರ್ಷದ ಅನುಮಾನ ಅದು. ಅದರ ಕೆಳಗಿನ ಸಾಲು ಹೀಗಿತ್ತು: 'ದಾಖಲೆಗೆ ಲ್ಯಾಮಿನೇಷನ್, ಉಚಿತ.'

ಈ ಉಚಿತ ಸೇವೆ ಏನು ಮಾಡಿತು ಅಂತ ಸ್ವಲ್ಪ ವಿವರವಾಗಿ ಹೇಳಬೇಕು. ಲ್ಯಾಮಿನೇಷನ್ ಎಂದರೆ ಪ್ಲಾಸ್ಟಿಕ್ ಹಾಳೆಯ ಅಂಟನ್ನು ಬಿಸಿ ಮಾಡಿ ಕರಗಿಸಿ ಕಾಗದದ ನಾರಿಗೆ ಕಚ್ಚಿಸುವುದು. ಕಚ್ಚಿದ ಮೇಲೆ ಸುಮ್ನೆ ಎಳೆದರೆ ಕಾಗದವೂ ಕಿತ್ತು ಬರುತ್ತದೆ. ಬಿಸಿಗೆ ಅಂಗಡಿಯ ನೇರಳೆ ಮೊಹರು ಹರಡಿಕೊಂಡಿದೆ. ಅದು ಸಾಲದು ಎಂಬಂತೆ, ಹಾಳೆಯ ಅಳತೆಗೆ ಕೂರಲಿ ಅಂತ ಪತ್ರದ ಎಡ ಅಂಚನ್ನು ಕತ್ತರಿಸಿದ್ದಾರೆ. ಮೂಲ ಪುಸ್ತಕದಿಂದ ಹರಿದು ತೆಗೆದ ಗುರುತು ಇದ್ದದ್ದು ಆ ಅಂಚಿನಲ್ಲೇ. ಹಿಂಬದಿಯಲ್ಲಿ ಮೊದಲ ಮಾಲೀಕರು ಪೆನ್ಸಿಲಿನಲ್ಲಿ ಸರ್ವಿಸ್ ಮಾಡಿಸಿದ ವರ್ಷಗಳನ್ನು ಗೀಚಿಕೊಂಡಿದ್ದರು: 1974, 1981, 1990. ನಾನೂ ಈ ಸಲದ್ದನ್ನು ಅದೇ ಸಾಲಿಗೆ ಸೇರಿಸಬೇಕೆಂದಿದ್ದೆ. ಈಗ ಪ್ಲಾಸ್ಟಿಕ್ ಮೇಲೆ ಪೆನ್ಸಿಲ್ ಜಾರುತ್ತದೆ.

ಒಂದು ಹಳೇ ಕಾಗದಕ್ಕೆ ಇಷ್ಟು ರಗಳೆಯೇ ಅನ್ನಿಸಬಹುದು. ಆದರೆ ಈ ವ್ಯವಹಾರ ನಿಮಗೆ ಗೊತ್ತಿಲ್ಲದ್ದೇನೂ ಅಲ್ಲ. ಖಾಲಿ ಪೆಟ್ಟಿಗೆಗಳನ್ನೇ ಬೇರೆಯಾಗಿ ಮಾರುವವರಿದ್ದಾರೆ. ಹೆಸರು, ತಾರೀಕು ತುಂಬದ ಗ್ಯಾರಂಟಿ ಪತ್ರ ಮಾರುವವರೂ ಇದ್ದಾರೆ. ಎಲ್ಲಿಂದಲೋ ವಾಚು, ಎಲ್ಲಿಂದಲೋ ಪೆಟ್ಟಿಗೆ, ನಿನ್ನೆ ಬರೆದ ಕಾಗದ, ಮೂರನ್ನೂ ಸೇರಿಸಿ 'ಫುಲ್ ಸೆಟ್' ಎನ್ನುತ್ತಾರೆ. ಅದಕ್ಕೇ ಕೊಳ್ಳುವವರು ಕಾಗದವನ್ನು ಕೈಯಲ್ಲಿ ಹಿಡಿದು, ಬೆಳಕಿಗೆ ಓರೆ ಮಾಡಿ ನೋಡುತ್ತಾರೆ. ಶಾಯಿ ನಾರಿನೊಳಗೆ ಇಳಿದಿದೆಯೇ, ಮೊಹರಿನ ಒತ್ತು ಇದೆಯೇ ಎಂದು ಹುಡುಕುತ್ತಾರೆ. 1960ರ ದಶಕದ ಕ್ರೋನೋಮೀಟರ್ ಸರ್ಟಿಫಿಕೇಟಿನಲ್ಲಿ, ಅಂದರೆ ವಾಚು ನಿಖರ ಸಮಯ ತೋರಿಸುತ್ತದೆ ಎಂಬ ಪ್ರಮಾಣಪತ್ರದಲ್ಲಿ, ಸಿಒಎಸ್‌ಸಿ ಎಂಬ ಸ್ವಿಸ್ ಪರೀಕ್ಷಾ ಸಂಸ್ಥೆಯ ಹೆಸರು ಕಂಡರೆ ಅಲ್ಲಿಗೇ ಮಾತು ಮುಗಿಯಿತು, ಆ ಸಂಸ್ಥೆ ಹುಟ್ಟಿದ್ದೇ 1973ರಲ್ಲಿ. ನನ್ನ ಪತ್ರ ಇಂಥ ಪರೀಕ್ಷೆಗಳನ್ನೆಲ್ಲ ದಾಟುತ್ತಿತ್ತು. ಈಗ ಅದನ್ನು ಮುಟ್ಟಿ ನೋಡುವಂತೆಯೇ ಇಲ್ಲ. ಪ್ಲಾಸ್ಟಿಕ್ ಒಳಗಿನ ಅಸಲಿ ಪತ್ರವೂ ಕಲರ್ ಜೆರಾಕ್ಸ್ ಥರಾನೇ ಕಾಣುತ್ತದೆ.

ಇನ್ನು ನಿಮ್ಮ ಉಡುಗೊರೆ ಪೆಟ್ಟಿಗೆ. ಅದರ ತಳದಲ್ಲಿ ಬಾರ್‌ಕೋಡ್ ಇದೆ. ಅಂಗಡಿಯಲ್ಲಿ ಸಾಮಾನಿನ ಮೇಲಿನ ಬಾರ್‌ಕೋಡ್ ಮೊದಲ ಸಲ ಸ್ಕ್ಯಾನ್ ಆದದ್ದು 1974ರಲ್ಲಿ. 1967ರ ವಾಚನ್ನು ಅದರೊಳಗೆ ಇಟ್ಟು ನಾಳೆ ಯಾರಿಗಾದರೂ ತೋರಿಸಿದರೆ, ಪೆಟ್ಟಿಗೆ ನೋಡಿ ನಕ್ಕವರು ಕಾಗದವನ್ನೂ ನಂಬುವುದಿಲ್ಲ.

ಬೇಕಿದ್ದರೆ ತಯಾರಕರ ಹಳೇ ದಫ್ತರದಿಂದ ಪತ್ರ ತರಿಸಿಕೊಳ್ಳಿ ಎಂಬ ಸಲಹೆಯೂ ಬಂತು. ಪಾಟೆಕ್ ಫಿಲಿಪ್, ಲಾಂಜೀನ್ ಥರದವರು ದಫ್ತರ ತೆರೆದು ನೋಡಿ ಅಂಥ ಪತ್ರ ಬರೆದುಕೊಡುತ್ತಾರೆ, ನಿಜ. ಈ ವಾಚಿಗೂ ಒಂದು ಸಿಕ್ಕಿತು ಎಂದೇ ಇಟ್ಟುಕೊಳ್ಳಿ. ತಯಾರಾಗಿ ಹೊರಗೆ ಹೋದದ್ದು ಯಾವಾಗ ಎಂದು ಅದು ಹೇಳೀತು. ಅಂಗಡಿಯ ಕೌಂಟರಿನಲ್ಲಿ ಯಾವ ದಿನ ಕೈ ಬದಲಾಯಿತು, ಯಾರು ಪೆನ್ಸಿಲಿನಲ್ಲಿ 1974 ಎಂದು ಬರೆದರು ಎಂದು ಹೇಳುವುದಿಲ್ಲ.

ನಾನು ಕೇಳುತ್ತಿರುವುದು ಇಷ್ಟು. ಮೊದಲು ಪೆಟ್ಟಿಗೆ, ಕವಚ, ಚೀಟಿ ಹುಡುಕಿಸಿ. ಕಸಕ್ಕೆ ಹೋಗಿರಬಹುದು. ನಿಮ್ಮವರಲ್ಲೇ ಯಾರಾದರೂ ಚೆನ್ನಾಗಿದೆ ಅಂತ ಮನೆಗೆ ಒಯ್ದಿರಲೂಬಹುದು. ಹಾಗಾಗಿದ್ದರೆ ನನಗೆ ಸಿಟ್ಟಿಗಿಂತ ಸಮಾಧಾನವೇ ಜಾಸ್ತಿ. ಮೂರೂ ವಾಪಸ್ ಬಂದರೆ ಯಾರು, ಏನು ಅಂತ ಕೇಳುವುದಿಲ್ಲ. ಲ್ಯಾಮಿನೇಷನ್ ನಾವೇ ಬಿಡಿಸಿಕೊಡುತ್ತೇವೆ ಎಂದು ಫೋನಿನಲ್ಲಿ ಹೇಳಿದರು, ದಯವಿಟ್ಟು ಬೇಡ. ಆ ಪತ್ರ ಇನ್ನು ನಿಮ್ಮ ಕೈಗೆ ಕೊಡುವುದಿಲ್ಲ. ಹಳೆಯ ಕಾಗದ ಉಳಿಸುವ ಕೆಲಸ ಕಲಿತವರ ಹತ್ತಿರ ನಾನೇ ತೋರಿಸುತ್ತೇನೆ, ಖರ್ಚು ನಿಮ್ಮದು. ಪೆಟ್ಟಿಗೆ ಸಿಗದೇ ಹೋದರೆ, ಪೂರ್ತಿ ಸೆಟ್ಟಿಗೂ ಬರೀ ವಾಚಿಗೂ ಇರುವ ಬೆಲೆಯ ವ್ಯತ್ಯಾಸವನ್ನು ನಮ್ಮಿಬ್ಬರಿಗೂ ಒಪ್ಪಿಗೆಯಾದ ಮೂರನೆಯವರು ಹೇಳಲಿ, ಅದನ್ನು ಕಟ್ಟಿಕೊಡಿ.

ಕೊನೆಯದಾಗಿ, ನಿಮ್ಮ ಲೆಟರ್‌ಹೆಡ್ಡಿನಲ್ಲಿ ಒಂದು ಪತ್ರ ಬೇಕು. ಯಾವ ದಿನ ಏನೇನು ನಿಮ್ಮ ಕೈಗೆ ಬಂತು, ಯಂತ್ರದ ನಂಬರು ಯಾವುದು, ಅದು ಕಾಗದದ ಜೊತೆ ತಾಳೆಯಾದದ್ದು, ಆಮೇಲೆ ಆ ಕಾಗದಕ್ಕೆ, ಪೆಟ್ಟಿಗೆಗೆ ಏನಾಯಿತು ಎಂದು ಇದ್ದದ್ದು ಇದ್ದ ಹಾಗೆ ಬರೆದು ಸಹಿ ಮಾಡಿ. ಮುಂದೆ ಈ ವಾಚು ಯಾರ ಕೈ ಸೇರುತ್ತದೋ ಅವರಿಗೂ ಇದು ಗೊತ್ತಿರಲಿ. ಆ ಪತ್ರವೂ ಇನ್ನು ಮೇಲೆ ಈ ವಾಚಿನ ಕಾಗದಗಳಲ್ಲಿ ಒಂದು. ಅದನ್ನು ಲ್ಯಾಮಿನೇಷನ್ ಮಾಡದೆ ಕಳಿಸಿ.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ರಸೀದಿ ಮತ್ತು ಜಾಬ್ ಶೀಟಿನ ಪ್ರತಿಗಳು (ಮೂಲ ನನ್ನ ಬಳಿಯೇ ಇವೆ), ನಿಮ್ಮ ಕಪ್ಪು ಪೆಟ್ಟಿಗೆ.