ವೀರ್ಯಾಣು ಪ್ರೋಟೀನು: ಹೆದರಿಕೆ ಬೇಡ

ಮಾನ್ಯರೆ,

ವೀರ್ಯಾಣುವಿನ ಪ್ರೋಟೀನು ಕ್ಯಾನ್ಸರ್ ಗಡ್ಡೆಯಲ್ಲೂ ಇರುತ್ತದೆ ಎಂಬ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಹೊಸನಗರದವರೆಗೂ ತಲುಪಿದೆ. ನನ್ನ ಸೋದರಳಿಯ ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿ, 'ಮಾವ, ನನ್ನ ವೀರ್ಯಾಣು ಓಡಾಟ ಕಡ್ಮೆ ಅಂತ ರಿಪೋರ್ಟ್ ಬಂದಿತ್ತಲ್ಲ, ಹಂಗಾದ್ರೆ ನಂಗೂ...' ಎಂದು ಅರ್ಧಕ್ಕೇ ನಿಲ್ಲಿಸಿದ.

ಶಿವಮೊಗ್ಗದ ಲ್ಯಾಬೊಂದರಲ್ಲಿ 28 ವರ್ಷ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂತವನು ನಾನು. ಇಂಥ ಪ್ರೋಟೀನುಗಳಲ್ಲಿ ಎಕೆಎಪಿ-4 ಎಂಬುದೊಂದು. ವೀರ್ಯಾಣುವಿನ ಬಾಲಕ್ಕೆ ಸುತ್ತಿಕೊಂಡ ನಾರಿನ ಕವಚ ಕಟ್ಟುವುದು ಅದರ ಕೆಲಸ. ಅದರ ಜೀನು ತೆಗೆದ ಇಲಿಗಳಲ್ಲಿ ವೀರ್ಯಾಣುಗಳ ಸಂಖ್ಯೆ ಕುಗ್ಗಲಿಲ್ಲ, ಆದರೆ ಒಂದೂ ಮುಂದಕ್ಕೆ ಈಜಲಿಲ್ಲ, ಮರಿಯೂ ಆಗಲಿಲ್ಲ ಎಂದು 2002ರಲ್ಲೇ ಗೊತ್ತಾಗಿದೆ. ಹೆಣ್ಣಾಗಿದ್ದರೆ ಬಂಜೆ ಎನ್ನುತ್ತಿದ್ದೆವು. ಗಂಡಿಗೆ ಹೇಳಲು ಊರಮಾತಿನಲ್ಲಿ ಪದವೇ ಇಲ್ಲ, ನೋಡಿ! ಸ್ಲೈಡಿನಲ್ಲಿ ಅಂಥವನ್ನು ನಾನೂ ಕಂಡಿದ್ದೇನೆ. ನೀರಿಳಿದ ಗದ್ದೆಯ ಕೆಸರಲ್ಲಿ ಮೀನು ಒದ್ದಾಡುವಂತೆ ನಿಂತಲ್ಲೇ ಅದುರುತ್ತಿರುತ್ತವೆ. ಕಾರಣ ಯಾವ ಪ್ರೋಟೀನು ಎಂದು ಮೈಕ್ರೋಸ್ಕೋಪು ಹೇಳದು.

ವೃಷಣದ ಹೊರಗೆ ಇಂಥ ಪ್ರೋಟೀನುಗಳ ಜೀನುಗಳು ಸಾಮಾನ್ಯವಾಗಿ ಮಲಗಿರುತ್ತವೆ. ಕ್ಯಾನ್ಸರ್ ಕೋಶಗಳಲ್ಲಿ ಕಟ್ಟುಪಾಡು ತಪ್ಪಿ ಕೆಲವು ಎದ್ದು ಕೂರುತ್ತವೆ, ಹೆಂಗಸರ ಗಡ್ಡೆಯಲ್ಲೂ. 1991ರಲ್ಲಿ ಬೆಲ್ಜಿಯಂನ ಥಿಯರಿ ಬೂನ್ ತಂಡ ಇಂಥ ಮೊದಲ ಜೀನನ್ನು ಗುರುತಿಸಿತು. ದಿಲ್ಲಿಯ ವಿಜ್ಞಾನಿ ಅನಿಲ್ ಸೂರಿ ಎಸ್‌ಪಿಎಜಿ-9 ಎಂಬ ವೀರ್ಯಾಣು ಪ್ರೋಟೀನನ್ನೇ ಗುರಿಯಾಗಿಸಿ ಕ್ಯಾನ್ಸರ್ ಚಿಕಿತ್ಸೆಯ ಹಾದಿ ಹುಡುಕಿದವರು. ಅಂದರೆ ಅದು ಕಳ್ಳನನ್ನು ಹಿಡಿಯಲು ಸಿಕ್ಕ ಗುರುತು, ವೀರ್ಯದಲ್ಲಿದ್ದರೆ ರೋಗವಲ್ಲ.

ಸೋದರಳಿಯನಿಗೆ ಇಷ್ಟು ಹೇಳಿ, 'ಸ್ಯಾಂಪಲ್ ಹೆಂಗೆ ತಗೊಂಡ್ಹೋದೆ ಮಾರಾಯ?' ಎಂದು ಕೇಳಿದೆ. ಬಸ್ಸಿನಲ್ಲಂತೆ, ಎರಡು ತಾಸು, ಮೀನಿನ ಥರ್ಮೋಕೋಲ್ ಡಬ್ಬಿಯಲ್ಲಿ ಐಸ್ ತುಂಬಿ! ಕೆಡಬಾರದು ಎಂಬ ಕಾಳಜಿ, ಪಾಪ. ಲ್ಯಾಬಿನವರೂ ಕೇಳಲಿಲ್ಲ, ಇವನೂ ಹೇಳಲಿಲ್ಲ. ಹಾಗೆ ತಣ್ಣಗಾದ ವೀರ್ಯಾಣು ಓಡಾಡುವುದಾದರೂ ಹೇಗೆ? ಎರಡರಿಂದ ಏಳು ದಿನ ವೀರ್ಯ ಹೊರಹೋಗದಂತೆ ನೋಡಿಕೊಂಡು, ಸ್ಯಾಂಪಲನ್ನು ಲ್ಯಾಬಿನಲ್ಲೇ ಕೊಡುವುದು ಒಳ್ಳೆಯದು. ಮನೆಯಿಂದಾದರೆ ಡಬ್ಬಿಯನ್ನು ಮೈಬಿಸಿ ತಾಗುವಂತೆ ಅಂಗಿಯೊಳಗಿಟ್ಟು ಒಂದು ಗಂಟೆಯೊಳಗೆ ಮುಟ್ಟಿಸಬೇಕು. ಇದನ್ನು ತಾವು ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಹಾಕಿದರೆ ಉಪಕಾರ.

ಅವನ ಮದುವೆಯಾಗಿ ಏಳು ವರ್ಷ. ಅಷ್ಟೂ ದಿನ ಸ್ಕ್ಯಾನಿಂಗು, ಟ್ಯೂಬ್ ಟೆಸ್ಟು, ಹರಕೆ ಎಲ್ಲ ಆ ಹುಡುಗಿಗೇ. ಇವನದು ಇದೇ ಮೊದಲ ಪರೀಕ್ಷೆ, ಅದೂ ಐಸಿನಲ್ಲಿ. ಬರುವ ಸೋಮವಾರ ರಜೆ ಹಾಕಿ ಬರುತ್ತಾನಂತೆ. ಈ ಸಲ ಜೊತೆಗೆ ನಾನೂ ಹೋಗುತ್ತೇನೆ.

– ನಿವೃತ್ತ ಲ್ಯಾಬ್ ಟೆಕ್ನಿಷಿಯನ್, ಶಿವಮೊಗ್ಗ